ಬಾಳೆಗೆ ಮೀನಿನ ಗೊಬ್ಬರ: ಡ್ರಮ್ ತುಂಬೋದ್ರಿಂದ ಹಿಡಿದು ಗೊನೆ ಕಡಿಯೋ ತನಕ

ಮೈಸೂರು, ಚಾಮರಾಜನಗರ ಕಡೆ ಏಲಕ್ಕಿ ಬಾಳೆ, ಜಿ9 (ಗ್ರ್ಯಾಂಡ್ ನೈನ್ ಅನ್ನೋ ಬಾಳೆ ತಳಿ) ಹಾಕಿರೋ ರೈತರ ನಡುವೆ ಈಗ ಮೀನಿನ ಗೊಬ್ಬರದ ಮಾತು ಜೋರಾಗೇ ಇದೆ. ಗಡಿ ದಾಟಿ ತಾಳವಾಡಿ, ಸತ್ಯಮಂಗಲಕ್ಕೆ ಹೋದ್ರೆ ಇದನ್ನೇ ಮೀನ್ ಅಮಿಲಂ ಅಂತಾರೆ, ನಮ್ಮಲ್ಲಿ ಮೀನಿನ ಟಾನಿಕ್ ಅಂತಲೋ ಫಿಶ್ ಅಮೈನೋ ಅಂತಲೋ ಕರೀತಾರೆ. ಮೀನು, ಬೆಲ್ಲ ಸಮಸಮ ಹಾಕಿ ಹುಳಿ ಬರಿಸೋ ಈ ಪದ್ಧತಿ ಕೊರಿಯಾದ ಚೋ ಹಾನ್ ಕ್ಯೂ ಅವರ ನೈಸರ್ಗಿಕ ಕೃಷಿಯಿಂದ ಬಂದಿದ್ದು. ಮೀನನ್ನ ಗೊಬ್ಬರಕ್ಕೆ ಬಳಸೋದು ನಮ್ಮ ಕರಾವಳಿಯವರಿಗೆ ಹೊಸದೇನಲ್ಲ, ಬೂತಾಯಿ ಜಾಸ್ತಿ ಸಿಕ್ಕಿದಾಗ ಒಣಗಿಸಿ ತೆಂಗಿನ ಬುಡಕ್ಕೆ ಹಾಕೋದು ಅಲ್ಲಿ ಹಳೇ ರೂಢಿ.

ಕಷ್ಟ ಏನಂದ್ರೆ ಇದರ ಬಗ್ಗೆ ಅರ್ಧಂಬರ್ಧ ಮಾಹಿತಿನೇ ಜಾಸ್ತಿ ಓಡಾಡ್ತಿದೆ. "ಇದೊಂದು ಹಾಕಿದ್ರೆ ಸಾಕು, ಬೇರೆ ಗೊಬ್ಬರನೇ ಬೇಡ" ಅಂತ ಹೇಳೋರಿದ್ದಾರೆ, ಅದನ್ನ ನಂಬಿ ಕೊಟ್ಟಿಗೆ ಗೊಬ್ಬರ ಕಡಿಮೆ ಮಾಡಿ, ಪೊಟ್ಯಾಶ್ ಬಿಟ್ಟು, ಆಮೇಲೆ ಸಣಕಲು ಗೊನೆ ನೋಡಿ ಬೇಜಾರು ಮಾಡ್ಕೊಂಡೋರೂ ಇದ್ದಾರೆ. ಮೀನಿನ ಗೊಬ್ಬರ ಒಳ್ಳೇದು, ಆದ್ರೆ ಬಾಳೆಗೆ ಅದು ಟಾನಿಕ್, ಊಟ ಅಲ್ಲ. ಸರಿಯಾದ ತಿಂಗಳಲ್ಲಿ, ಬುಡದಲ್ಲಿ ಊಟ ಇರೋ ಗಿಡಕ್ಕೆ ಕೊಟ್ರೆ ಮಾತ್ರ ಕೆಲಸ ಮಾಡುತ್ತೆ.

ಮೊದಲು ಈ ಲೆಕ್ಕ ನೋಡ್ಬಿಡಿ

ಒಂದು ಬಾಳೆ ಗಿಡಕ್ಕೆ ಒಂದು ಬೆಳೆಗೆ ಹೆಚ್ಚುಕಡಿಮೆ 200 ಗ್ರಾಂ ಸಾರಜನಕ, 300 ಗ್ರಾಂ ಆಸುಪಾಸು ಪೊಟ್ಯಾಶ್ ಬೇಕು, ತಳಿ ಮತ್ತು ಮಣ್ಣು ನೋಡ್ಕೊಂಡು ಸ್ವಲ್ಪ ಹೆಚ್ಚುಕಮ್ಮಿ ಆಗುತ್ತೆ. ಹಸಿ ಮೀನಿನಲ್ಲಿ ಪ್ರೋಟೀನ್ ನೂರಕ್ಕೆ 15ರಿಂದ 18 ಭಾಗ, ಅದನ್ನ 6.25ರಿಂದ ಭಾಗಿಸಿದ್ರೆ ಸಾರಜನಕ ಸಿಗುತ್ತೆ, ಅಂದ್ರೆ ಒಂದು ಕೆಜಿ ಮೀನಿನಲ್ಲಿ ಇರೋದೇ 25 ಗ್ರಾಂ ಚಿಲ್ಲರೆ. ಈಗ ಆರಡಿಗೆ ಆರಡಿ ಹಾಕಿರೋ ಒಂದು ಎಕರೆ ತಗೊಳ್ಳಿ, 1210 ಗಿಡ, ಬೇಕಾಗಿರೋ ಸಾರಜನಕ 240 ಕೆಜಿ ಮೇಲೆ. ನಾವು 25 ಕೆಜಿ ಮೀನು ಹಾಕಿ ಒಂದು ಡ್ರಮ್ ಮಾಡಿದ್ರೆ ಅದರಲ್ಲಿರೋ ಸಾರಜನಕ ಒಂದು ಕೆಜಿನೂ ತುಂಬಲ್ಲ! ಪೊಟ್ಯಾಶಂತೂ ಮೀನಿನಲ್ಲಿ ತೀರಾ ಕಮ್ಮಿ.

ಹಾಗಾದ್ರೆ ಯಾಕೆ ಮಾಡ್ಬೇಕು ಅಂತ ಕೇಳ್ಬಹುದು. ಹುಳಿ ಬಂದಾಗ ಮೀನಿನ ಪ್ರೋಟೀನ್ ಒಡೆದು ಅಮೈನೋ ಆಮ್ಲ ಆಗಿರುತ್ತೆ, ಗಿಡ ಅದನ್ನ ಬೇಗ ತಗೊಳ್ಳುತ್ತೆ, ಜೊತೆಗೆ ಬೆಲ್ಲದ ಸಕ್ಕರೆ ಮತ್ತು ಈ ಅಮೈನೋ ಎರಡೂ ಮಣ್ಣಿನ ಸೂಕ್ಷ್ಮಜೀವಿಗಳಿಗೆ ಆಹಾರ, ಅವು ಎದ್ದು ಕೂತ್ರೆ ಬುಡದಲ್ಲಿರೋ ಕೊಟ್ಟಿಗೆ ಗೊಬ್ಬರ, ಹಿಂಡಿ ಎಲ್ಲಾ ಬೇಗ ಕರಗಿ ಬೇರಿಗೆ ಸಿಗುತ್ತೆ. ಬುಡದಲ್ಲಿ ಕರಗೋಕೆ ಏನೂ ಇಲ್ದಿದ್ರೆ ಏನ್ ಕರಗುತ್ತೆ ಹೇಳಿ? ಅದಕ್ಕೇ ಈ ಲೆಕ್ಕನ ಮೊದಲೇ ಇಟ್ಟಿದ್ದು.

ಮೀನು ಯಾವುದು, ಎಲ್ಲಿಂದ

ದುಡ್ಡು ಕೊಟ್ಟು ಒಳ್ಳೆ ಮೀನು ತರೋ ಅಗತ್ಯ ಇಲ್ಲ. ಮೀನಿನ ಅಂಗಡಿಯಲ್ಲಿ ಕ್ಲೀನ್ ಮಾಡಿ ಬಿಸಾಕೋ ತಲೆ, ಕರುಳು, ಕಿವಿರು, ರೆಕ್ಕೆ, ಹುರುಪೆ ಎಲ್ಲಾ ಆಗುತ್ತೆ, ಹಿಂದಿನ ದಿನನೇ ಹೇಳಿಟ್ಟು ಒಂದು ಬಕೆಟ್ ಕೊಟ್ಟು ಬಂದ್ರೆ ಬಹಳಷ್ಟು ಅಂಗಡಿಯವರು ಸುಮ್ಮನೇ ಕೊಡ್ತಾರೆ, ಭಾನುವಾರ ಜಾಸ್ತಿ ಸಿಗುತ್ತೆ. ಕರುಳು ಇರ್ಲೇಬೇಕು, ಯಾಕಂದ್ರೆ ಮೀನನ್ನ ಒಡೆಯೋ ಕಿಣ್ವಗಳು ಜಾಸ್ತಿ ಇರೋದು ಅಲ್ಲೇ. ಬರೀ ಹುರುಪೆ, ಮೂಳೆ ತುಂಬಿದ್ರೆ ತಿಂಗಳಾದ್ರೂ ಕರಗಲ್ಲ.

ಮೈಸೂರು ಕಡೆಯವರಿಗೆ ಕೆರೆ ಮೀನು, ಕಬಿನಿ ಮೀನು ಸಿಗುತ್ತೆ, ಕಾಟ್ಲಾ, ರೋಹು, ಜಿಲೇಬಿ (ತಿಲಾಪಿಯ) ಯಾವುದಾದ್ರೂ ಸರಿ. ಬಾಳೆಗೆ ನನ್ನ ಕೇಳಿದ್ರೆ ಸಿಹಿನೀರಿನ ಮೀನೇ ಒಳ್ಳೇದು. ಬಾಳೆಗೆ ಉಪ್ಪು ಆಗಲ್ಲ, ಮಣ್ಣಲ್ಲಿ ಉಪ್ಪು ಸೇರಿದ್ರೆ ಎಲೆ ಅಂಚು ಸುಟ್ಟ ಹಾಗೆ ಕಂದು ಬಣ್ಣಕ್ಕೆ ತಿರುಗುತ್ತೆ, ಸಮುದ್ರದ ಮೀನು ತಂದ್ರೆ ಐಸ್ ನೀರು, ಉಪ್ಪು ನೀರು ಎಲ್ಲಾ ಸೋರಿ ಹೋಗೋ ಹಾಗೆ ಒಂದು ಸಲ ಒಳ್ಳೆ ನೀರಲ್ಲಿ ತೊಳೆದು ಬಳಸಿ. ಉಪ್ಪು ಹಾಕಿದ ಒಣ ಮೀನಿನ ತಂಟೆಗೆ ಹೋಗ್ಲೇಬೇಡಿ, ಎಷ್ಟು ಅಗ್ಗಕ್ಕೆ ಸಿಕ್ಕಿದ್ರೂ.

ಬೂತಾಯಿ, ಬಂಗುಡೆ ಸಿಗೋ ಕರಾವಳಿಯವರು ಇನ್ನೊಂದು ಗಮನಿಸ್ಬೇಕು. ಬೂತಾಯಿಯಲ್ಲಿ ಎಣ್ಣೆ ಜಾಸ್ತಿ, ಆ ಎಣ್ಣೆ ಮೇಲೆ ಪದರ ಕಟ್ಟುತ್ತೆ, ಡ್ರಿಪ್‌ಗೆ ಹೋದ್ರೆ ತೂತು ಕಟ್ಟುತ್ತೆ, ಎಲೆ ಮೇಲೆ ಬಿದ್ರೆ ಬಿಸಿಲಿಗೆ ಕಲೆ ಬೀಳುತ್ತೆ, ಹಾಗಾಗಿ ಸೋಸೋ ಮೊದಲು ಆ ಪದರ ತೆಗೀಬೇಕು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುತ್ತಲ್ಲ, ಆಗ ಮೀನೂ ಕಮ್ಮಿ ರೇಟೂ ಜಾಸ್ತಿ, ಅದಕ್ಕೆ ಮಳೆಗಾಲದಲ್ಲಿ ನಾಟಿ ಮಾಡೋರು ಮೇ ತಿಂಗಳಲ್ಲೇ ಡ್ರಮ್ ತುಂಬಿ ಇಟ್ಕೊಳ್ಳೋದು ಒಳ್ಳೇದು.

ಮೀನು ಹಳಸಿದ್ರೂ ಪರವಾಗಿಲ್ಲ ಅನ್ನೋದು ತಪ್ಪು ಕಲ್ಪನೆ. ಕೊಳೆತು ನೀರು ಬಿಟ್ಟಿರೋದು ಹುಳಿ ಬರೋ ಬದಲು ಇನ್ನೂ ಕೊಳೀತಾ ಹೋಗುತ್ತೆ. ಬೆಳಿಗ್ಗೆ ತಂದಿದ್ದು ಸಂಜೆ ಒಳಗೆ ಡ್ರಮ್‌ಗೆ ಹೋಗ್ಬೇಕು. ಕೆಡದೇ ಇರಲಿ ಅಂತ ಫಾರ್ಮಾಲಿನ್ ಹಾಕಿರೋ ಮೀನೂ ಆಗಲ್ಲ, ಅದರಲ್ಲಿ ಹುಳಿ ಬರಿಸೋ ಜೀವಿಗಳೇ ಸತ್ತೋಗ್ತವೆ. ದಿನಗಟ್ಟಲೆ ಹೊರಗಿಟ್ರೂ ನೊಣ ಕೂರದ ಮೀನು ಕಂಡ್ರೆ ಅನುಮಾನ ಪಡಿ.

ಬೆಲ್ಲ

ನೋಡೋಕೆ ಚಿನ್ನದ ಬಣ್ಣ ಇರೋ ಬೆಲ್ಲಕ್ಕಿಂತ ಕಪ್ಪು ಬೆಲ್ಲ ಉತ್ತಮ, ಬಣ್ಣ ಬರೋಕೆ ಹೈಡ್ರೋಸ್ ಅನ್ನೋ ರಾಸಾಯನಿಕ ಹಾಕಿರೋ ಬೆಲ್ಲ ಈ ಕೆಲಸಕ್ಕೆ ಬೇಡ. ಮಂಡ್ಯ ಕಡೆಯವರಿಗೆ ಆಲೆಮನೆಯಲ್ಲೇ ಪುಡಿಯಾದ, ಅಚ್ಚು ಸರಿ ಬರದ ಬೆಲ್ಲ ಕಡಿಮೆಗೆ ಸಿಗುತ್ತೆ, ಮಲೆನಾಡಲ್ಲಿ ಜೋನಿ ಬೆಲ್ಲ ಇದ್ರೆ ಇನ್ನೂ ಸುಲಭ, ಕರಗಿಸೋ ಕೆಲಸನೇ ಇಲ್ಲ. ಕಾಕಂಬಿ (ಮೊಲಾಸಸ್) ಸಿಕ್ಕಿದ್ರೆ ಅದೂ ಆಗುತ್ತೆ.

ಬೆಲ್ಲದಲ್ಲಿ ಕಂಜೂಸ್ ಮಾಡ್ಬೇಡಿ. ಮೀನಿನ ತೂಕಕ್ಕೆ ಸಮ ತೂಕ ಬೆಲ್ಲ. ಅರ್ಧ ಹಾಕಿದ್ರೂ ಆಗುತ್ತೆ ಅಂತ ಕೆಲವರು ಹೇಳ್ತಾರೆ, ಕೆಲವೊಮ್ಮೆ ಆಗೂ ಬಿಡುತ್ತೆ, ಆದ್ರೆ ಬೆಲ್ಲ ಕಮ್ಮಿಯಾದಷ್ಟೂ ಹುಳ ಬೀಳೋದು, ನಾತ ಹೊಡೆಯೋದು ಜಾಸ್ತಿ, ಮೊದಲನೇ ಸಲ ಮಾಡೋರು ಸಮಸಮನೇ ಹಾಕಿ.

ಡ್ರಮ್ ತುಂಬೋ ವಿಧಾನ

ಒಂದು ಸಲಕ್ಕೆ 25 ಕೆಜಿ ಮೀನು, 25 ಕೆಜಿ ಬೆಲ್ಲ ಸಾಕು. 60ರಿಂದ 70 ಲೀಟರ್ ಹಿಡಿಯೋ ಪ್ಲಾಸ್ಟಿಕ್ ಡ್ರಮ್ ತಗೊಳ್ಳಿ, ಕಬ್ಬಿಣದ್ದು ಬೇಡ, ಹುಳಿಗೆ ತುಕ್ಕು ಹಿಡಿಯುತ್ತೆ. ಮೇಲಿನ ಮೂರನೇ ಒಂದು ಭಾಗ ಖಾಲಿ ಇರ್ಬೇಕು, ನೊರೆ ಏಳುತ್ತೆ. ಕೀಟನಾಶಕದ ಹಳೇ ಡ್ರಮ್ ಎಷ್ಟು ತೊಳೆದ್ರೂ ಬಳಸ್ಬೇಡಿ.

ಮೀನನ್ನ ಎರಡಿಂಚಿಗಿಂತ ಸಣ್ಣಕ್ಕೆ ಕತ್ತರಿಸಿ, ತಲೆಗಳನ್ನ ಕಲ್ಲಲ್ಲಿ ಜಜ್ಜಿ. ಬೆಲ್ಲ ಪುಡಿ ಮಾಡ್ಕೊಳ್ಳಿ. ಡ್ರಮ್ಮಿನ ತಳಕ್ಕೆ ಒಂದು ಪದರ ಬೆಲ್ಲ, ಮೇಲೆ ಮೀನು, ಮತ್ತೆ ಬೆಲ್ಲ, ಹೀಗೆ ಹಾಕ್ತಾ ಹೋಗಿ ಕೊನೇ ಪದರ ಬೆಲ್ಲದ್ದೇ ಆಗಿರ್ಲಿ, ಮೀನಿನ ಒಂದು ಚೂರೂ ಮೇಲೆ ಕಾಣಬಾರದು, ಕಂಡ ಕಡೆ ನೊಣ ಮೊಟ್ಟೆ ಇಡೋದು ಗ್ಯಾರಂಟಿ. ಒಂದೆರಡು ಕೆಜಿ ಹಸಿ ಪರಂಗಿಕಾಯಿಯನ್ನ ಸಿಪ್ಪೆ, ಹಾಲು ಸಮೇತ ಹೆಚ್ಚಿ ಜೊತೆಗೆ ಸೇರಿಸಿದ್ರೆ ಬೇಗ ಕರಗುತ್ತೆ, ಪರಂಗಿ ಹಾಲಿನ ಪಪೈನ್ ಪ್ರೋಟೀನನ್ನ ಒಡೆಯುತ್ತೆ, ಅನಾನಸ್ ಸಿಪ್ಪೆಯೂ ಇದೇ ಕೆಲಸ ಮಾಡುತ್ತೆ. ನೀರು ಮಾತ್ರ ಒಂದು ಲೋಟನೂ ಹಾಕ್ಬೇಡಿ. ಬೆಲ್ಲ ತಾನೇ ಮೀನಿನಿಂದ ನೀರು ಎಳ್ಕೊಳ್ಳುತ್ತೆ, ನಾವು ಮೇಲಿಂದ ನೀರು ಹಾಕಿದ್ರೆ ಸಕ್ಕರೆ ತೆಳುವಾಗಿ ಕೊಳೆಸೋ ಬ್ಯಾಕ್ಟೀರಿಯಾಗೆ ದಾರಿ ಮಾಡಿಕೊಟ್ಟ ಹಾಗೆ.

ಬಾಯಿಗೆ ದಪ್ಪ ಹತ್ತಿ ಬಟ್ಟೆ ಕಟ್ಟಿ, ಅದರ ಮೇಲೆ ಮುಚ್ಚಳ ಸಡಿಲವಾಗಿ ಇಡಿ. ಬಿಗಿಯಾಗಿ ತಿರುಗಿಸಿ ಮುಚ್ಚಿದ್ರೆ ಒಳಗೆ ಗ್ಯಾಸ್ ತುಂಬಿ ಡ್ರಮ್ ಉಬ್ಬುತ್ತೆ, ಕ್ಯಾನ್ ಆಗಿದ್ರೆ ಸಿಡಿಯುತ್ತೆ. ಮನೆಯಿಂದ ದೂರ, ನೆರಳಲ್ಲಿ ಇಡಿ, ಮೇಲೆ ಭಾರದ ಕಲ್ಲು ಇರ್ಲಿ, ನಾಯಿ, ಬೆಕ್ಕು, ಕಾಡು ಪಕ್ಕದ ತೋಟ ಆದ್ರೆ ಹಂದಿ ಎಲ್ಲಾ ವಾಸನೆ ಹಿಡ್ಕೊಂಡು ಬರ್ತವೆ.

ಒಳಗೆ ಏನಾಗ್ತಿದೆ ಅಂತ ನೋಡೋದು ಹೇಗೆ

ಎರಡು ಮೂರು ದಿನಕ್ಕೆ ಬಟ್ಟೆ ಬಿಚ್ಚಿ ನೋಡಿ. ಪುಡಿ ಬೆಲ್ಲ ಮಾಯ ಆಗಿ ಕಂದು ಪಾಕ ಮೇಲೆ ಬಂದಿರುತ್ತೆ, ಮೀನಿನ ತುಂಡುಗಳು ಅದರಲ್ಲಿ ಮುಳುಗಿ ಕುಗ್ಗಿರ್ತವೆ, ಅಂಚಲ್ಲಿ ಸಣ್ಣ ಸಣ್ಣ ಗುಳ್ಳೆ ಸುರುಸುರು ಅಂತ ಒಡೀತಿರುತ್ತೆ. ವಾಸನೆ ಮೊದಲ ವಾರ ಮೀನಿನದ್ದೇ, ಮೂಗಿಗೆ ಹೊಡೆಯುತ್ತೆ, ಆಮೇಲೆ ನಿಧಾನಕ್ಕೆ ಹುಳಿ ಹೆಂಡದ ಕಡೆಗೆ ತಿರುಗಿ, ಮೂರು ವಾರ ಕಳೀತಿದ್ದ ಹಾಗೆ ಹುಳಿ ಸಿಹಿ ಮಿಶ್ರ ವಾಸನೆ ಬರುತ್ತೆ. ಇದು ಬಂತು ಅಂದ್ರೆ ಆಮ್ಲ ಏರಿದೆ, ಕೆಟ್ಟ ಬ್ಯಾಕ್ಟೀರಿಯಾ ಅಡಗಿದೆ ಅಂತ ಅರ್ಥ. ಪಿಎಚ್ ಪೇಪರ್ ಇದ್ರೆ ಅದ್ದಿ ನೋಡಿ, 4.5ಕ್ಕಿಂತ ಕಡಿಮೆ ಇದ್ರೆ ಚೆನ್ನಾಗಿ ಆಗ್ತಿದೆ.

ಮೊದಲ ವಾರ ದಿನಾ ಒಂದು ಸಲ ಮರದ ಕೋಲಲ್ಲಿ ತಳದ ತನಕ ಕಲಕಿ, ಆಮೇಲೆ ನಾಲ್ಕೈದು ದಿನಕ್ಕೊಮ್ಮೆ ಸಾಕು. ಹುಳ ಕಂಡ್ರೆ, ನಾತ ಕೊಳೆತ ಮೊಟ್ಟೆ ತರ ಬಂದ್ರೆ ತಡ ಮಾಡದೆ ಇನ್ನೂ ಮೂರು ನಾಲ್ಕು ಕೆಜಿ ಬೆಲ್ಲ ಹಾಕಿ ಕಲಕಿ ಮುಚ್ಚಿ, ಶುರುವಲ್ಲೇ ಗಮನಿಸಿದ್ರೆ ಬಹುತೇಕ ಸರಿ ಹೋಗುತ್ತೆ. ಒಂದು ವಾರ ಕಳೆದ್ರೂ ಕಪ್ಪಾಗಿ ನಾತ ಹೊಡೀತಾನೇ ಇದ್ರೆ ಅದನ್ನ ಗಿಡಕ್ಕೆ ಹಾಕ್ಬೇಡಿ, ಕಾಂಪೋಸ್ಟ್ ಗುಂಡಿಗೆ ಸುರಿದು ಮೇಲೆ ಮಣ್ಣು ಮುಚ್ಚಿ.

ಬೇಸಿಗೆಯಲ್ಲಿ 25ರಿಂದ 30 ದಿನಕ್ಕೆ ಆಗುತ್ತೆ. ಚಳಿಗಾಲದಲ್ಲಿ, ಮಲೆನಾಡಿನ ಮಳೆಯಲ್ಲಿ 40-45 ದಿನ ಬಿಡಿ. ಜಾಸ್ತಿ ದಿನ ಇದ್ರೆ ನಷ್ಟ ಏನಿಲ್ಲ.

ಸೋಸೋದು, ಇಡೋದು

ಕಲಕದೆ ಒಂದು ರಾತ್ರಿ ಬಿಡಿ, ಮೇಲೆ ಎಣ್ಣೆ ಪದರ ಬಂದಿದ್ರೆ ಸೌಟಲ್ಲಿ ತೆಗೆದು ಪಕ್ಕಕ್ಕಿಡಿ. ಮೊದಲು ಜರಡಿ, ಆಮೇಲೆ ಹಳೇ ಪಂಚೆ ಎರಡು ಮಡಿಕೆ ಮಾಡಿ ಸೋಸಿ. ಜೇನಿನ ಬಣ್ಣದಿಂದ ಕಾಫಿ ಡಿಕಾಕ್ಷನ್ ಬಣ್ಣದ ತನಕ ಯಾವುದಾದ್ರೂ ಬರ್ಬಹುದು, 25 ಕೆಜಿ ಮೀನಿಗೆ ಹತ್ರಹತ್ರ 25-30 ಲೀಟರ್ ಸಿಗುತ್ತೆ. ಕ್ಯಾನ್‌ಗೆ ಹಾಕಿ ಮುಚ್ಚಳ ಅರ್ಧ ತಿರುವು ಸಡಿಲ ಬಿಟ್ಟು ಕತ್ತಲೆ ಜಾಗದಲ್ಲಿ ಇಟ್ರೆ ಆರು ತಿಂಗಳು ಧಾರಾಳ ಇರುತ್ತೆ. ಮೇಲೆ ದೊಡ್ಡದಾಗಿ ಹೆಸರು, ತಾರೀಕು ಬರೆದು ಅಂಟಿಸಿ, ಬೆಲ್ಲದ ಪಾಕ ಅನ್ಕೊಂಡು ಮಕ್ಕಳು ಕೈ ಹಾಕಬಾರದು.

ಬಟ್ಟೆಯಲ್ಲಿ ಉಳಿಯೋ ಮೂಳೆ, ಹುರುಪೆ ಬಿಸಾಕ್ಬೇಡಿ, ಅದರಲ್ಲಿ ಸುಣ್ಣದಂಶ, ರಂಜಕ ಇದೆ.

ಗುಣಿಯಲ್ಲಿ ಊಟ ಇಡೋದು

ಮೀನಿನ ದ್ರಾವಣ ಕ್ಯಾನಲ್ಲಿ ರೆಡಿ ಇದೆ ಅಂತ ಗುಣಿ ಕೆಲಸ ಹಗುರ ಮಾಡ್ಬೇಡಿ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 10 ಕೆಜಿ, ಬೇವಿನ ಹಿಂಡಿ 250 ಗ್ರಾಂ, ಅದರ ಜೊತೆ ಟ್ರೈಕೋಡರ್ಮಾ (ರೋಗ ತಡೆಯೋ ಒಳ್ಳೆ ಶಿಲೀಂಧ್ರ) ಬೆರೆಸಿದ ಗೊಬ್ಬರ ಒಂದು ಬೊಗಸೆ. ನಂಜನಗೂಡು ರಸಬಾಳೆ ಹಾಕೋರಂತೂ ಟ್ರೈಕೋಡರ್ಮಾ ಮರೀಲೇಬಾರದು, ಜಿಐ ಟ್ಯಾಗ್ ಇರೋ ಆ ತಳಿಯನ್ನ ಮೂಲೆಗೆ ತಳ್ಳಿದ್ದೇ ಪನಾಮ ಸೊರಗು ರೋಗ, ಮೀನಿನ ಗೊಬ್ಬರ ಆ ರೋಗಕ್ಕೆ ಔಷಧಿ ಅಲ್ಲ.

ಮೂರನೇ ತಿಂಗಳು ಮತ್ತೆ 10 ಕೆಜಿ ಗೊಬ್ಬರ, ಹಿಂಡಿ ಮುಕ್ಕಾಲು ಕೆಜಿ ಬುಡದಿಂದ ಒಂದೂವರೆ ಅಡಿ ದೂರಕ್ಕೆ ಸುತ್ತ ಹಾಕಿ ಮಣ್ಣು ಏರಿಸಿ. 10 ಕೆಜಿ ಕೊಟ್ಟಿಗೆ ಗೊಬ್ಬರದಲ್ಲಿ 50 ಗ್ರಾಂ ಸಾರಜನಕ, ಒಂದು ಕೆಜಿ ಬೇವಿನ ಹಿಂಡಿಯಲ್ಲಿ ಇನ್ನೊಂದು 50 ಗ್ರಾಂ ಅಂತ ಅಂದಾಜು ಇಟ್ಕೊಂಡ್ರೆ ಒಟ್ಟು 150 ಆಯ್ತು, ಉಳಿದಿದ್ದಕ್ಕೆ ಸಾಲಿನ ನಡುವೆ ಅಲಸಂದೆ ಅಥವಾ ಸೆಣಬು ಚೆಲ್ಲಿ ಹೂ ಬರೋ ಹೊತ್ತಿಗೆ ಕೊಯ್ದು ಅಲ್ಲೇ ಮುಚ್ಚಿಗೆ ಮಾಡಿ. ಆ ಮುಚ್ಚಿಗೆ ಕೆಳಗೆ ತೇವ ಇರುತ್ತೆ ನೋಡಿ, ಮೀನಿನ ದ್ರಾವಣ ನಿಜವಾಗ್ಲೂ ಕೆಲಸ ಮಾಡೋದು ಅಲ್ಲೇ. ಬರಿ ಒಣ ಮಣ್ಣಿಗೆ ಸುರಿದ್ರೆ ದಂಡ.

ಯಾವ ತಿಂಗಳು, ಎಷ್ಟು

ಇದೇ ಮುಖ್ಯ ಭಾಗ, ಸ್ವಲ್ಪ ನಿಧಾನಕ್ಕೆ ಓದಿ.

ಗೊನೆಯಲ್ಲಿ ಎಷ್ಟು ಚಿಪ್ಪು ಬರುತ್ತೆ ಅನ್ನೋದು ಗೊನೆ ಹೊರಗೆ ಬಂದಾಗ ತೀರ್ಮಾನ ಆಗೋದಲ್ಲ. ಜಿ9ನಲ್ಲಿ ನಾಟಿ ಮಾಡಿದ ನಾಲ್ಕನೇ ಐದನೇ ತಿಂಗಳಲ್ಲಿ, ಹೊರಗಿಂದ ಬರೀ ಎಲೆ ಕಾಣ್ತಿರೋವಾಗ್ಲೇ, ದಿಂಡಿನ ತಳದಲ್ಲಿ ಗಡ್ಡೆಯ ತುದಿಯಲ್ಲಿ ಹೂವಿನ ಮೊಗ್ಗು ಕಣ್ಣಿಗೆ ಕಾಣದ ಹಾಗೆ ರೂಪ ಆಗ್ತಿರುತ್ತೆ, ಚಿಪ್ಪಿನ ಲೆಕ್ಕ ಅಲ್ಲೇ ಬರೆದು ಮುಗಿಯುತ್ತೆ. ಗೊನೆ ಹೊರಗೆ ಬರೋದು ಏಳೆಂಟನೇ ತಿಂಗಳು, ಕಟಾವು 11-12ಕ್ಕೆ. ಏಲಕ್ಕಿ, ರಸಬಾಳೆ ಇನ್ನೂ ಒಂದೆರಡು ತಿಂಗಳು ನಿಧಾನ. ಗೊನೆ ಬಂದ ಮೇಲೆ ಎಷ್ಟು ಮೀನಿನ ಟಾನಿಕ್ ಹೊಡೆದ್ರೂ ಒಂದು ಚಿಪ್ಪೂ ಜಾಸ್ತಿ ಆಗಲ್ಲ, ಕಾಯಿ ದಪ್ಪ ಆಗ್ಬಹುದು ಅಷ್ಟೇ, ಅದಕ್ಕೂ ಬೇಕಾಗಿರೋದು ಪೊಟ್ಯಾಶ್. ಹಾಗಾಗಿ ನಮ್ಮ ಜೋರೆಲ್ಲಾ ಮೊದಲ ಐದು ತಿಂಗಳು.

ನಾಟಿ ಮಾಡಿ ಒಂದು ತಿಂಗಳು ಏನೂ ಬೇಡ, ಟಿಶ್ಯೂ ಕಲ್ಚರ್ (ಲ್ಯಾಬಲ್ಲಿ ಬೆಳೆಸಿದ) ಗಿಡದ ಬೇರು ಎಳಸು. ಎರಡು ಹೊಸ ಎಲೆ ಬಿಚ್ಚಿದ ಮೇಲೆ ಮೊದಲನೇ ಸಲ ಲೀಟರ್ ನೀರಿಗೆ 3 ಎಂಎಲ್ ಮಾತ್ರ, ಗಿಡಕ್ಕೆ ಅರ್ಧ ಲೀಟರ್ ಬುಡಕ್ಕೆ. ಹದಿನೈದು ಇಪ್ಪತ್ತು ದಿನ ಬಿಟ್ಟು ಲೀಟರ್‌ಗೆ 5 ಎಂಎಲ್, ಗಿಡಕ್ಕೆ ಒಂದು ಲೀಟರ್ ಹತ್ರ. ಅಲ್ಲಿಂದ ಐದನೇ ತಿಂಗಳ ತನಕ ಇಪ್ಪತ್ತು ದಿನಕ್ಕೊಂದು ಸಲ ಬುಡಕ್ಕೆ, ನಡುವೆ ತಿಂಗಳಿಗೊಂದು ಸಲ ಎಲೆಗೆ ಸ್ಪ್ರೇ. ಡ್ರಿಪ್ಪಲ್ಲಿ ಬಿಡೋರು ಒಂದು ಸಲಕ್ಕೆ ಎಕರೆಗೆ 4ರಿಂದ 5 ಲೀಟರ್ ಲೆಕ್ಕ ಇಟ್ಕೊಳ್ಳಿ, ಗಿಡಕ್ಕೆ 4 ಎಂಎಲ್ ಆಸುಪಾಸು ಬೀಳುತ್ತೆ. ಆರನೇ ಏಳನೇ ತಿಂಗಳು ತಿಂಗಳಿಗೆ ಒಂದೇ ಸಲ, ಗೊನೆ ಹಾಕಿದ ಮೇಲೆ ನಿಲ್ಲಿಸಿ.

ಬುಡಕ್ಕೆ ಕೊಡೋದಾ, ಎಲೆಗೆ ಹೊಡೆಯೋದಾ ಅಂತ ಕೇಳಿದ್ರೆ ಬಾಳೆಯಲ್ಲಿ ನನ್ನ ಓಟು ಬುಡಕ್ಕೇ. ಎಲೆ ಮೇಲೆ ಮೇಣದ ಪದರ ಇರುತ್ತೆ, ನೀರು ಜಾರಿ ಹೋಗುತ್ತೆ, ಗಿಡ ಆರಡಿ ದಾಟಿದ ಮೇಲೆ ಸ್ಪ್ರೇ ಮಾಡೋದು ದೊಡ್ಡ ಕೂಲಿ ಖರ್ಚು.

ಡ್ರಿಪ್ಪಲ್ಲಿ ಬಿಡೋವಾಗ

ಪಂಚೆಯಲ್ಲಿ ಸೋಸಿದ್ದು ಡ್ರಿಪ್‌ಗೆ ಸಾಲದು. 120 ಮೆಶ್ ಜಾಲರಿಯಲ್ಲಿ ಇನ್ನೊಂದು ಸಲ ಸೋಸಿ, ಹತ್ತು ಪಟ್ಟು ನೀರಲ್ಲಿ ಕಲಸಿ ವೆಂಚುರಿಗೆ (ಗೊಬ್ಬರವನ್ನ ಡ್ರಿಪ್ ನೀರಿಗೆ ಎಳ್ಕೊಳ್ಳೋ ಸಾಧನ) ಕೊಡಿ. ಮೊದಲು ಇಪ್ಪತ್ತು ನಿಮಿಷ ಬರೀ ನೀರು, ಆಮೇಲೆ ದ್ರಾವಣ, ಮುಗಿದ ಮೇಲೆ ಮತ್ತೆ ಹದಿನೈದು ಇಪ್ಪತ್ತು ನಿಮಿಷ ಬರೀ ನೀರು. ಕೊನೇ ನೀರು ಬಿಡದೆ ಮೋಟರ್ ಆಫ್ ಮಾಡಿದ್ರೆ ಪೈಪಲ್ಲಿ ಸಕ್ಕರೆ ಉಳಿದು ಲೋಳೆ ಬೆಳೆಯುತ್ತೆ, ಎರಡು ಸಲಕ್ಕೇ ಡ್ರಿಪ್ಪರ್ ಕಟ್ಟಿಕೊಳ್ಳುತ್ತೆ. ಲ್ಯಾಟರಲ್ (ಸಾಲಿನ ಸಣ್ಣ ಡ್ರಿಪ್ ಪೈಪ್) ತುದಿ ಬಿಚ್ಚಿ ನೀರು ಹರಿಸಿದಾಗ ಕಂದು ಲೋಳೆ ಬಂದ್ರೆ ತೊಳೆಯೋದು ಸಾಲ್ತಿಲ್ಲ ಅಂತ ತಿಳ್ಕೊಳ್ಳಿ. ಡ್ರಿಪ್ ನಂಬಿಕೆ ಇಲ್ದಿದ್ರೆ 200 ಲೀಟರ್ ಡ್ರಮ್ಮಲ್ಲಿ ಕಲಸಿ ಜಗ್ಗಲ್ಲಿ ಹಾಕೋದೇ ವಾಸಿ, ಕೂಲಿ ಒಂದು ದಿನದ್ದು ಹೋಗುತ್ತೆ, ಪೈಪ್ ಉಳಿಯುತ್ತೆ.

ಸ್ಪ್ರೇ ಮಾಡೋವಾಗ

ಲೀಟರ್‌ಗೆ 3ರಿಂದ 5 ಎಂಎಲ್, ಅದಕ್ಕಿಂತ ಮೇಲೆ ಹೋಗ್ಬೇಡಿ, ಹುಳಿ ಜಾಸ್ತಿಯಾಗಿ ಸುರುಳಿ ಎಲೆ ಸುಡುತ್ತೆ. ಎಕರೆಗೆ 200 ಲೀಟರ್ ನೀರು ಬೇಕು ಅಂದ್ರೆ ಒಂದು ಲೀಟರ್ ದ್ರಾವಣ ಸಾಕು. ಬೆಳಿಗ್ಗೆ ಎಂಟರ ಒಳಗೆ ಅಥವಾ ಸಂಜೆ ನಾಲ್ಕೂವರೆ ಮೇಲೆ, ಎಲೆಯ ಅಡಿಭಾಗಕ್ಕೆ ಹೊಡೀರಿ, ಪತ್ರರಂಧ್ರ ಅಲ್ಲೇ ಜಾಸ್ತಿ. ಅಂಟೋಕೆ ಅಂಟುವಾಳ ಕಾಯಿ ನೆನೆಸಿದ ನೀರು ಅಥವಾ ಒಂದು ಶಾಂಪೂ ಸ್ಯಾಶೆ ಟ್ಯಾಂಕ್‌ಗೆ ಸೇರಿಸಿ.

ಬೋರ್ಡೋ, ಕಾಪರ್ ಇರೋ ಯಾವ ಔಷಧಿ ಜೊತೆಗೂ ಬೆರೆಸ್ಬೇಡಿ, ಹುಳಿಗೆ ತಾಮ್ರ ಜಾಸ್ತಿ ಕರಗಿ ಎಲೆ ಸುಡುತ್ತೆ, ಮಧ್ಯೆ ವಾರ ಅಂತರ ಇರ್ಲಿ. ಟ್ರೈಕೋಡರ್ಮಾ, ಜೀವಾಮೃತ ಬೇರೆ ದಿನ ಕೊಡಿ. ಬೂದಿ ಹಾಕಿದ ದಿನನೇ ಮೀನಿನ ದ್ರಾವಣ ಕೊಟ್ರೆ ಹುಳಿ ಕ್ಷಾರ ಎರಡೂ ಹೊಡೆದಾಡಿ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತೆ. ಬೆಂಗಳೂರಿನ ಐಐಎಚ್‌ಆರ್ (ತೋಟಗಾರಿಕೆ ಸಂಶೋಧನಾ ಸಂಸ್ಥೆ) ಬಾಳೆಗೆ ಅಂತಲೇ ಮಾಡಿರೋ ಲಘುಪೋಷಕಾಂಶದ ಬನಾನಾ ಸ್ಪೆಷಲ್ ಲೀಟರ್‌ಗೆ 5 ಗ್ರಾಂ ಲೆಕ್ಕದಲ್ಲಿ ಹೊಡೆಯೋರು ಅದನ್ನ ಬೇರೆಯಾಗೇ ಹೊಡೀರಿ, ಅದರ ಕೆಲಸ ಬೇರೆ, ಇದರ ಕೆಲಸ ಬೇರೆ.

ಗೊನೆ ಮೇಲೆ ಮೀನಿನ ದ್ರಾವಣ ಹೊಡೆಯೋದು ಬೇಡ. ಸಕ್ಕರೆ ಅಂಶಕ್ಕೆ ಇರುವೆ ಬರುತ್ತೆ, ಕಪ್ಪು ಬೂಸ್ಟು ಹಿಡಿದು ಕಾಯಿ ಅಂದ ಕೆಡುತ್ತೆ, ವ್ಯಾಪಾರಿ ರೇಟ್ ಇಳಿಸೋಕೆ ಅಷ್ಟು ಸಾಕು. ಇನ್ನೊಂದು ವಿಷಯ, ಏಲಕ್ಕಿ, ರಸಬಾಳೆ ಪೂಜೆಗೆ, ನೈವೇದ್ಯಕ್ಕೆ ಹೋಗೋ ಹಣ್ಣು. ಮೀನಿನ ಗೊಬ್ಬರ ಹಾಕಿದ್ದು ಬೇಡ ಅನ್ನೋ ಗಿರಾಕಿಗಳು ಇರ್ತಾರೆ, ಕೇಳಿದ್ರೆ ಇದ್ದಿದ್ದು ಇದ್ದ ಹಾಗೆ ಹೇಳಿ. ಮನೆಯಲ್ಲಿ ಮೀನು ಮುಟ್ಟದೇ ಇರೋರು ಕಡಲೆಕಾಯಿ ಹಿಂಡಿಯನ್ನ ಗಂಜಲದಲ್ಲಿ ವಾರ ನೆನೆಸಿ, ಹತ್ತು ಪಟ್ಟು ನೀರು ಸೇರಿಸಿ ಬುಡಕ್ಕೆ ಹಾಕ್ಬಹುದು, ಆ ಹಿಂಡಿಯಲ್ಲಿ ಸಾರಜನಕ ನೂರಕ್ಕೆ 7ರ ಹತ್ರ ಇದೆ. ಸಾವಯವ ಸರ್ಟಿಫಿಕೇಟ್ ಇರೋರು ಡ್ರಮ್ ತುಂಬೋ ಮುಂಚೆನೇ ನಿಮ್ಮ ಏಜೆನ್ಸಿಯವರನ್ನ ಕೇಳಿ ಒಪ್ಪಿಗೆ ತಗೊಳ್ಳಿ.

ಪೊಟ್ಯಾಶ್ ಕಥೆ

ಬಾಳೆ ತೂಕ ಕೊಡೋದು, ರುಚಿ ಬರೋದು, ಗಾಳಿಗೆ ತಡ್ಕೊಳ್ಳೋದು ಎಲ್ಲಾ ಪೊಟ್ಯಾಶ್ ಮೇಲೆ, ಮೀನು ಇಲ್ಲಿ ಕೈ ಕೊಡುತ್ತೆ. ಸೌದೆ ಒಲೆ ಬೂದಿಯಲ್ಲಿ ಪೊಟ್ಯಾಶ್ ನೂರಕ್ಕೆ 5ರ ಆಸುಪಾಸು ಇರುತ್ತೆ, ಗಿಡಕ್ಕೆ ಎರಡು ಕೆಜಿಯನ್ನ ಮೂರ್ನಾಲ್ಕು ಕಂತಲ್ಲಿ ಕೊಟ್ರೆ 100 ಗ್ರಾಂ ಬಂತು. ಆದ್ರೆ ಮಣ್ಣು ಮೊದಲೇ ಕ್ಷಾರ ಇದ್ರೆ, ಸುಣ್ಣದ ಹರಳು ಕಾಣೋ ಕಪ್ಪು ಭೂಮಿ ಆದ್ರೆ, ಬೂದಿ ಬೇಡ. ಅಂಥೋರಿಗೆ ಗೊನೆ ಕಡಿದ ದಿಂಡು, ಎಲೆಯನ್ನ ಕೊಚ್ಚಿ ಅದೇ ಸಾಲಿಗೆ ಹಾಕೋದು ಒಳ್ಳೇ ದಾರಿ, ಬಾಳೆ ಎಳೆದ ಪೊಟ್ಯಾಶಿನಲ್ಲಿ ದೊಡ್ಡ ಪಾಲು ದಿಂಡು ಎಲೆಯಲ್ಲೇ ಉಳಿದಿರುತ್ತೆ, ಗೊನೆ ಜೊತೆ ಮಾರ್ಕೆಟ್‌ಗೆ ಹೋಗೋದು ಅದರ ಒಂದು ಭಾಗ ಮಾತ್ರ. ಆ ದಿಂಡನ್ನ ಬದುವಿಗೆ ಎಸೆದು ಬೆಂಕಿ ಹಾಕೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ. ಪೂರ್ತಿ ಸಾವಯವ ಅಂತ ಹಠ ಇಲ್ಲದೋರು ಸಲ್ಫೇಟ್ ಆಫ್ ಪೊಟ್ಯಾಶ್ 200 ಗ್ರಾಂ ಕೊಟ್ರೆ ಇನ್ನೊಂದು 100 ಗ್ರಾಂ ಸಿಗುತ್ತೆ, ಐದನೇ ಮತ್ತು ಏಳನೇ ತಿಂಗಳು ಎರಡು ಪಾಲು ಮಾಡಿ ಹಾಕಿ.

ಜಾಸ್ತಿ ಆದಾಗ ಗಿಡ ಹೇಳುತ್ತೆ

ಎಲೆ ಕಡು ಹಸಿರಾಗಿ, ಅಗಲ ಆಗಿ, ಜೋತು ಬಿದ್ದು, ದಿಂಡು ಮೆತ್ತಗೆ ನೀರು ತುಂಬಿದ ಹಾಗಿದ್ರೆ ಸಾರಜನಕ ಮಿತಿ ಮೀರಿದೆ. ನೋಡೋಕೆ ತೋಟ ಬಹಳ ಚೆಂದ ಕಾಣುತ್ತೆ, ಆದ್ರೆ ಗೊನೆ ತಡ ಆಗುತ್ತೆ, ಗಾಳಿಗೆ ಬೀಳುತ್ತೆ, ಎಲೆಚುಕ್ಕೆ ರೋಗ ಬೇಗ ಹರಡುತ್ತೆ, ಹೇನು ಸೇರುತ್ತೆ. ಬಾಳೆ ಹೇನು ಬರೀ ರಸ ಹೀರೋ ಹುಳ ಅಲ್ಲ, ಬಂಚಿ ಟಾಪ್ ವೈರಸ್ ಹರಡೋದೇ ಅದು. ಇಂಥ ಲಕ್ಷಣ ಕಂಡ ಕೂಡ್ಲೇ ಮೀನಿನ ದ್ರಾವಣ ಒಂದೂವರೆ ತಿಂಗಳು ನಿಲ್ಲಿಸಿ, ಪೊಟ್ಯಾಶ್ ಕಡೆ ಗಮನ ಕೊಡಿ. ಎಲೆ ಅಂಚು ಮಾತ್ರ ಸುಟ್ಟಿದ್ರೆ ಉಪ್ಪಿನ ಅನುಮಾನ ಮಾಡಿ, ಮೀನು ಎಲ್ಲಿಂದ ಬಂತು, ಬೋರ್ ನೀರಲ್ಲಿ ಉಪ್ಪು ಎಷ್ಟು ಅಂತ ನೋಡಿ.

ಮೀನು ಜಾಸ್ತಿ ಸಿಗೋರಿಗೆ ಕಾಂಪೋಸ್ಟ್

ಮಲ್ಪೆ, ಮಂಗಳೂರು, ಕಾರವಾರದ ಹತ್ರ ಇರೋರಿಗೆ, ದೊಡ್ಡ ಮೀನು ಮಾರ್ಕೆಟ್ ಪಕ್ಕದೋರಿಗೆ ಕ್ವಿಂಟಾಲ್‌ಗಟ್ಟಲೆ ವೇಸ್ಟ್ ಸಿಕ್ಕಿದ್ರೆ ಎಲ್ಲದಕ್ಕೂ ಬೆಲ್ಲ ತರೋಕಾಗಲ್ಲ. ಅಂಥೋರು ಕಾಂಪೋಸ್ಟ್ ಮಾಡಿ, ಬಾಳೆಗೆ ನಿಜವಾದ ಊಟ ಆಗೋದು ಇದು. ನೆಲದ ಮೇಲೆ ಒಂದಡಿ ದಪ್ಪ ತೆಂಗಿನ ನಾರಿನ ಪುಡಿ, ಮರದ ಹೊಟ್ಟು ಅಥವಾ ಒಣ ತರಗು ಹಾಸಿ, ಮೇಲೆ ಮೂರ್ನಾಲ್ಕು ಇಂಚು ಮೀನು, ಮತ್ತೆ ಅದರ ಮೂರು ಪಟ್ಟು ಒಣ ವಸ್ತು, ನಡುವೆ ಸಗಣಿ ನೀರು ಚಿಮುಕಿಸ್ತಾ ಹೋಗಿ. ನಾಲ್ಕಡಿ ಎತ್ತರ ಬಂದ ಮೇಲೆ ಸುತ್ತಲೂ ಅರ್ಧ ಅಡಿ ಒಣ ಹೊಟ್ಟು ಮುಚ್ಚಿ. ಮೂರ್ನಾಲ್ಕು ದಿನಕ್ಕೆ ಕೋಲು ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದ್ರೆ ಕೈಯಲ್ಲಿ ಹಿಡಿಯೋಕಾಗದಷ್ಟು ಬಿಸಿ ಇರ್ಬೇಕು, ಹಾಗಿದ್ರೆ ನೊಣದ ಮರಿ, ರೋಗಾಣು ಎಲ್ಲಾ ಸಾಯುತ್ತೆ. ನಾತ ಬಂದ್ರೆ ಒಣ ವಸ್ತು ಕಮ್ಮಿ ಆಗಿದೆ ಅಂತ ಅರ್ಥ, ಇನ್ನಷ್ಟು ಹಾಕಿ. ಎರಡು ವಾರಕ್ಕೊಮ್ಮೆ ತಿರುವಿ, ಎರಡೂವರೆ ಮೂರು ತಿಂಗಳಿಗೆ ಕಪ್ಪು ಮಣ್ಣಿನ ವಾಸನೆ ಬರುತ್ತೆ, ಮೂಳೆ ಬೆರಳಲ್ಲಿ ಹಿಸುಕಿದ್ರೆ ಪುಡಿ ಆಗುತ್ತೆ. ಗಿಡಕ್ಕೆ 4ರಿಂದ 5 ಕೆಜಿ, ಗುಣಿಯಲ್ಲಿ ಅರ್ಧ, ಮೂರನೇ ತಿಂಗಳು ಅರ್ಧ. ಸೋಸಿದಾಗ ಉಳಿದ ಮೂಳೆ ಹುರುಪೆನೂ ಇದೇ ರಾಶಿಗೆ ಸೇರಿಸಿ.

ಹಸಿ ಮೀನನ್ನ ನೇರವಾಗಿ ಬಾಳೆ ಬುಡದಲ್ಲಿ ಹೂತು ಹಾಕೋ ರೂಢಿ ಕೆಲವು ಕಡೆ ಇದೆ, ಒಂದೆರಡು ಹಿತ್ತಲ ಗಿಡಕ್ಕೆ ಎರಡಡಿ ದೂರದಲ್ಲಿ ಆಳಕ್ಕೆ ಹೂತ್ರೆ ನಡೆಯುತ್ತೆ, ತೋಟಕ್ಕೆ ಬೇಡವೇ ಬೇಡ, ರಾತ್ರಿ ಹಂದಿ ಬಂದು ಮೀನಿಗೋಸ್ಕರ ಬುಡನೇ ಅಗೆದು ಹಾಕುತ್ತೆ.

ಫಲಿತಾಂಶ ಅಳೆಯೋದು

ತೋಟದ ನಡುವೆ ಎರಡು ಸಾಲು ಮೀನಿನ ದ್ರಾವಣ ಕೊಡದೇ ಬಿಡಿ, ಉಳಿದ ಗೊಬ್ಬರ, ನೀರು, ಕಂದು (ಬುಡದಲ್ಲಿ ಏಳೋ ಮರಿ ಗಿಡ) ತೆಗೆಯೋದು ಎಲ್ಲಾ ಒಂದೇ ತರ ಇರ್ಲಿ. ಬದು ಪಕ್ಕದ ಸಾಲು ಆರಿಸ್ಬೇಡಿ, ಅಲ್ಲಿ ಬಿಸಿಲು ಗಾಳಿ ಬೇರೆ. ಐದನೇ ತಿಂಗಳು ನೆಲದಿಂದ ಒಂದಡಿ ಎತ್ತರದಲ್ಲಿ ದಿಂಡಿನ ಸುತ್ತಳತೆ ದಾರ ಹಿಡಿದು ಎರಡೂ ಕಡೆ ಹತ್ತತ್ತು ಗಿಡ ಅಳೆದು ಬರೆದಿಡಿ. ಗೊನೆ ಬಂದ ತಾರೀಕು, ಚಿಪ್ಪು ಎಷ್ಟು, ಎರಡನೇ ಚಿಪ್ಪಲ್ಲಿ ಕಾಯಿ ಎಷ್ಟು, ಕಡಿದ ದಿನ ತೂಕ ಎಷ್ಟು, ಇಷ್ಟು ಸಾಕು, ಹಳೇ ಕ್ಯಾಲೆಂಡರ್ ಹಿಂದೆ ಬರೆದ್ರೂ ನಡೆಯುತ್ತೆ. ಬೆಲ್ಲದ ದುಡ್ಡು, ಕೂಲಿ ಎರಡನ್ನೂ ಪಕ್ಕದಲ್ಲೇ ಬರೀರಿ, ಯಾಕಂದ್ರೆ ಕೆಜಿ ಬೆಲ್ಲಕ್ಕೆ 50 ರೂಪಾಯಿ ಅಂತ ಇಟ್ಕೊಂಡ್ರೂ ಒಂದು ಡ್ರಮ್‌ಗೆ 1250 ಆಗುತ್ತೆ, ಅಷ್ಟು ದುಡ್ಡಿಗೆ ತೂಕ ಬಂತಾ ಇಲ್ವಾ ಅಂತ ನಿಮ್ಮ ಮಣ್ಣಲ್ಲೇ ಗೊತ್ತಾಗ್ಬೇಕು. ಕೂಳೆ ಬೆಳೆ (ಕಂದಿನಿಂದ ಬರೋ ಮುಂದಿನ ಬೆಳೆ) ಬಿಡೋರು ಅದೇ ಎರಡು ಸಾಲನ್ನ ಎರಡನೇ ವರ್ಷನೂ ಹಾಗೇ ಬಿಟ್ಟು ನೋಡಿ, ತಾಯಿ ಗಿಡದ ಗೊನೆ ಕಡಿಯೋ ಹೊತ್ತಿಗೆ ಕಂದಿಗೆ ಐದಾರು ತಿಂಗಳಾಗಿ ಅದರ ಚಿಪ್ಪಿನ ಲೆಕ್ಕನೂ ಒಳಗೆ ಮುಗಿದಿರ್ಬಹುದು, ಹಾಗಾಗಿ ಕೂಳೆಗೆ ಮೀನಿನ ದ್ರಾವಣ ಶುರು ಮಾಡೋದು ಕಟಾವು ಆದ ಮೇಲಲ್ಲ, ಒಂದು ಕಂದು ಉಳಿಸ್ಕೊಂಡು ಅದು ಮೊಣಕಾಲೆತ್ತರ ಬಂದಾಗಿಂದಲೇ.